ದಾಳಿಯ ಮಾರನೇ ದಿನ ಅವಳು ಎಲ್ಲಿಗೆ ಹೋದಳು?

‘ಲಾಡ್ಜ್ ಮೇಲೆ ಪೊಲೀಸ್ ದಾಳಿ: ಇಬ್ಬರು ಮಹಿಳೆಯರ ರಕ್ಷಣೆ, ಒಬ್ಬನ ಬಂಧನ.’

ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ಸುದ್ದಿ ಬರೆಯುವ ನಾವು ಇಂಥ ತಲೆಬರಹವನ್ನು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕ ಇಟ್ಟಿಲ್ಲ. ಠಾಣೆಯಿಂದ ವಾಟ್ಸಾಪ್‌ನಲ್ಲಿ ಪ್ರಕಟಣೆ ಬರುತ್ತದೆ. ನಾಲ್ಕು ಸಾಲು ಬರೆದು ಕಳಿಸುತ್ತೇವೆ. ಮಾರನೇ ದಿನ ಪೇಪರಿನ ಒಳಪುಟದಲ್ಲಿ ಬರುತ್ತದೆ. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು.

ಕೆಲವು ವರ್ಷಗಳ ಹಿಂದೆ ಹಾಗೇ ಕಳಿಸಿದ ಒಂದು ಸುದ್ದಿಯಲ್ಲಿ ನಾವು ಒಂದು ತಪ್ಪು ಮಾಡಿದೆವು. ಮಹಿಳೆಯ ಹೆಸರು ಬರೆಯಲಿಲ್ಲ, ಆದರೆ ಅವಳ ಊರಿನ ಹೆಸರು ಬರೆದೆವು. ಮುಖ ಮಸುಕು ಮಾಡಿದ ಫೋಟೊವನ್ನೂ ಕಳಿಸಿದೆವು. ನಮ್ಮ ಕಡೆಯ ಊರುಗಳು ನಿಮಗೆ ಗೊತ್ತಲ್ಲ, ಮೂವತ್ತು ನಲವತ್ತು ಮನೆ. ಸೀರೆ ನೋಡಿದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ತಿಂಗಳಾದ ಮೇಲೆ ಆ ಕಡೆಯ ಪಂಚಾಯಿತಿ ಸದಸ್ಯರೊಬ್ಬರು ಸಿಕ್ಕಾಗ ವಿಷಯ ತಿಳಿಯಿತು. ಅವಳು ಮಗುವನ್ನು ಶಾಲೆ ಬಿಡಿಸಿಕೊಂಡು ರಾತ್ರೋರಾತ್ರಿ ಊರು ಬಿಟ್ಟಿದ್ದಳು. ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ. ‘ರಕ್ಷಣೆ’ ಎಂದು ನಾವೇ ಬರೆದಿದ್ದೆವು.

ದಾಳಿಯ ಮಾರನೇ ದಿನ ಅಂಥ ಹೆಂಗಸಿನ ಜವಾಬ್ದಾರಿ ಯಾರದ್ದು? ಪೊಲೀಸರದ್ದೇ, ಆಸ್ಪತ್ರೆಯದ್ದೇ, ಸಿಡಿಪಿಒ ಕಚೇರಿಯದ್ದೇ, ಕೋರ್ಟಿನದ್ದೇ? ಈ ಪ್ರಶ್ನೆ ಹಿಡಿದು ಹೊರಟಾಗ ಒಂದು ಉದ್ದನೆಯ ಚರಿತ್ರೆ ಸಿಕ್ಕಿತು. ಅದರ ಒಂದು ತುದಿ ಸಾಗರದ ಪಕ್ಕದ ಇಕ್ಕೇರಿಯಲ್ಲೇ ಇದೆ.

ಮೊದಲು ಒಂದು ಮಾತು

ಈ ವಿಷಯದಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕು. ಹದಿನೆಂಟು ತುಂಬದ ಹುಡುಗಿಯನ್ನು ಈ ಕೆಲಸಕ್ಕೆ ಇಳಿಸುವುದು, ಕೆಲಸ ಕೊಡಿಸುತ್ತೇನೆಂದು ಮೋಸ ಮಾಡಿ ಕರೆದೊಯ್ಯುವುದು, ಬೆದರಿಸಿ ಇಟ್ಟುಕೊಳ್ಳುವುದು ಮಾನವ ಕಳ್ಳಸಾಗಣೆ. ಅದರಲ್ಲಿ ಎರಡನೇ ಮಾತೇ ಇಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಅದಕ್ಕೆ ಕನಿಷ್ಠ 7 ವರ್ಷ ಜೈಲು ಹೇಳುತ್ತದೆ. ಬಲಿಯಾದವಳು ಅಪ್ರಾಪ್ತೆಯಾಗಿದ್ದರೆ ಕನಿಷ್ಠ 10 ವರ್ಷ.

ವಯಸ್ಸಿಗೆ ಬಂದ ಹೆಂಗಸೊಬ್ಬಳು ಹೊಟ್ಟೆಪಾಡಿಗೆಂದು ತಾನೇ ಈ ಕೆಲಸದಲ್ಲಿದ್ದರೆ ಅದು ಬೇರೆ ವಿಷಯ. ಅದು ಸರಿಯೋ ತಪ್ಪೋ ಎಂದು ಊರಲ್ಲಿ ನೂರು ಮಾತು ಇರಬಹುದು. ಕಾನೂನು ಮಾತ್ರ ಅವಳ ಆ ಕೆಲಸವನ್ನೇ ಅಪರಾಧ ಎಂದು ಎಲ್ಲೂ ಹೇಳಿಲ್ಲ. ಈ ಎರಡನ್ನು ಕಲಸಿಬಿಟ್ಟಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಹೆಸರಿನ ವಿಷಯವೂ ಹಾಗೇ. ‘ಸೂಳೆ’ ಎಂಬುದು ಇವತ್ತು ಬೈಗುಳ. ಹಳೆಯ ಶಾಸನಗಳಲ್ಲಿ ಅದು ಬೈಗುಳವಲ್ಲ. ಬಾದಾಮಿ ಚಾಲುಕ್ಯರ ವಿಜಯಾದಿತ್ಯನಿಗೆ ಪ್ರಿಯಳಾಗಿದ್ದ ವಿನಾಪೋಟಿ ಎಂಬ ಸೂಳೆ ಮಹಾಕೂಟದ ದೇವರಿಗೆ ದಾನ ಕೊಟ್ಟದ್ದನ್ನು ಕಲ್ಲಿನಲ್ಲಿ ಗೌರವದಿಂದಲೇ ಕೆತ್ತಿದ್ದಾರೆ. ನಮ್ಮ ಹಳೆಯ ಶಿವಮೊಗ್ಗ ಜಿಲ್ಲೆಗೇ ಸೇರಿದ್ದ ಚನ್ನಗಿರಿಯ ದೊಡ್ಡ ಕೆರೆಗೆ ಸೂಳೆಕೆರೆ ಎಂಬ ಹೆಸರಿದೆ. ಈಗ ಶಾಂತಿಸಾಗರ ಎನ್ನುತ್ತಾರೆ. ಸರ್ಕಾರದ ಕಾಗದದಲ್ಲಿ ಇಂದು ಈ ಹೆಂಗಸರಿಗೆ ‘ದಮನಿತ ಮಹಿಳೆಯರು’ ಎಂಬ ಹೆಸರು. ಅವರ ಸಂಘಟನೆಗಳು ಹೇಳಿಕೊಳ್ಳುವುದು ‘ಲೈಂಗಿಕ ಕಾರ್ಯಕರ್ತೆಯರು’ ಎಂದು. ಈ ಬರಹದಲ್ಲಿ ನಾವು ಅವರು ಹೇಳಿಕೊಳ್ಳುವ ಹೆಸರನ್ನೇ ಬಳಸುತ್ತೇವೆ.

ತೆರಿಗೆಯ ಕಾಲ

1623ರಲ್ಲಿ ಇಟಲಿಯ ಪ್ರವಾಸಿ ಪಿಯೆಟ್ರೊ ದೆಲ್ಲಾ ವಲ್ಲೆ ಇಕ್ಕೇರಿಗೆ ಬಂದ. ಆಗ ಕೆಳದಿ ವಂಶದ ವೆಂಕಟಪ್ಪ ನಾಯಕನ ಆಳ್ವಿಕೆ. ಗೋವಾದ ಪೋರ್ಚುಗೀಸರ ರಾಯಭಾರಿಯ ಜೊತೆ ಬಂದಿದ್ದ ಈತ ಇಕ್ಕೇರಿಯ ಬೀದಿ, ದೇವಸ್ಥಾನ, ಉತ್ಸವ ಎಲ್ಲವನ್ನೂ ಪತ್ರಗಳಲ್ಲಿ ಬರೆದಿಟ್ಟ. ದೇವರ ಮೆರವಣಿಗೆಯಲ್ಲಿ ಕುಣಿಯುತ್ತಿದ್ದ ನರ್ತಕಿಯರೂ ಆ ಪತ್ರಗಳಲ್ಲಿ ಬರುತ್ತಾರೆ. ಇವತ್ತು ನಾವು ಅಘೋರೇಶ್ವರ ದೇವಸ್ಥಾನದ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವ ಊರಿನಲ್ಲೇ ನಾಲ್ಕು ನೂರು ವರ್ಷದ ಹಿಂದೆ ಅಂಥ ಹೆಂಗಸರ ಬದುಕು ದೇವಸ್ಥಾನ ಮತ್ತು ಅರಮನೆಗೆ ಅಂಟಿಕೊಂಡಿತ್ತು.

ಕೆಳದಿಯವರು ಮೊದಲು ವಿಜಯನಗರದ ಸಾಮಂತರು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಒಂದು ಸ್ವಾರಸ್ಯದ ಸಂಗತಿ ಬರೆದಿದ್ದಾನೆ. ನಗರದ ಕಾವಲಿಗೆ 12,000 ಪೊಲೀಸರಿದ್ದರಂತೆ. ಅವರ ಸಂಬಳಕ್ಕೆ ದುಡ್ಡು ಬರುತ್ತಿದ್ದುದು ವೇಶ್ಯಾಗೃಹಗಳ ತೆರಿಗೆಯಿಂದ. ಎರಡು ‘ಇಲಾಖೆ’ಗಳು ಒಂದಾಗಿ ಕೆಲಸ ಮಾಡಿದ ಹಳೆಯ ಉದಾಹರಣೆ ಬೇಕೆಂದರೆ ಇದೇ. ಅವಳು ದುಡಿಯಬೇಕು, ಖಜಾನೆ ವಸೂಲಿ ಮಾಡಬೇಕು, ಅದರಲ್ಲಿ ಕಾವಲಿನವರು ಉಣ್ಣಬೇಕು.

ಆ ಕಾಲದ ಬರಹಗಳಲ್ಲಿ ಇಂಥ ಹೆಂಗಸರ ಬಗ್ಗೆ ಬೇರೆಯವರು ಬರೆದದ್ದು ಬೇಕಾದಷ್ಟಿದೆ. ಅವರೇ ಮಾತಾಡಿದ್ದು ಬಹಳ ಅಪರೂಪ. ಹನ್ನೆರಡನೇ ಶತಮಾನದ ಶರಣೆ ಸೂಳೆ ಸಂಕವ್ವೆ ಅಂಥ ಅಪರೂಪದವಳು. ಅವಳ ಒಂದೇ ಒಂದು ವಚನ ನಮಗೆ ಸಿಕ್ಕಿದೆ. ಅದರಲ್ಲಿ ಅವಳು ತನ್ನ ಕಸುಬನ್ನು ಮುಚ್ಚಿಡದೆ, ಆ ಕಸುಬಿಗೂ ಒಂದು ನೇಮವಿದೆ ಎಂದು ಹೇಳಿಕೊಂಡಿದ್ದಾಳೆ.

ಆಜ್ಞೆಯ ಕಾಲ

ನಮ್ಮ ಮೂರೂ ತಾಲ್ಲೂಕುಗಳು ಮೈಸೂರು ಸಂಸ್ಥಾನದಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1909ರಲ್ಲಿ, ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ನರ್ತಕಿಯರ ಸೇವೆಯನ್ನು ನಿಲ್ಲಿಸಿತು. ದೇಶದಲ್ಲಿ ಇಂಥ ಕ್ರಮ ಮೊದಲು ತೆಗೆದುಕೊಂಡ ಸರ್ಕಾರಗಳಲ್ಲಿ ನಮ್ಮದೂ ಒಂದು. 1936ರಲ್ಲಿ ಅನೈತಿಕ ವ್ಯಾಪಾರ ತಡೆಗೆ ಮೈಸೂರು ಬೇರೆಯೇ ಕಾಯ್ದೆ ಮಾಡಿತು. ಅತ್ತ ಧಾರವಾಡ, ಬೆಳಗಾವಿ ಕಡೆಗೆ 1934ರ ಮುಂಬೈ ದೇವದಾಸಿ ಕಾಯ್ದೆ ಇತ್ತು. ದಕ್ಷಿಣ ಕನ್ನಡದ ಕಡೆಗೆ 1947ರ ಮದರಾಸು ಕಾಯ್ದೆ ಬಂತು.

ಒಳ್ಳೆಯ ಉದ್ದೇಶದ ಆಜ್ಞೆಗಳೇ. ಆದರೆ ದೇವಸ್ಥಾನದ ಸೇವೆ ನಿಂತಾಗ ಅದರ ಜೊತೆಗಿದ್ದ ಪಡಿ, ಉಂಬಳಿಯ ಆಸರೆಯೂ ಸಡಿಲವಾಯಿತು. ದೇವಸ್ಥಾನದಿಂದ ಹೊರಗೆ ಬಂದವಳು ಮುಂದೆ ಏನು ಉಣ್ಣಬೇಕು ಎಂಬುದಕ್ಕೆ ಆಜ್ಞೆಯಲ್ಲಿ ಉತ್ತರ ಇರಲಿಲ್ಲ. ಬಾಗಿಲು ಮುಚ್ಚುವ ಕೆಲಸ ಒಂದು ಕಚೇರಿಯದ್ದಾಯಿತು. ಇನ್ನೊಂದು ಬಾಗಿಲು ತೆಗೆಯುವ ಕೆಲಸ ಯಾರದ್ದೂ ಆಗಲಿಲ್ಲ.

1956ರ ಕಾಯ್ದೆಯಲ್ಲಿ ಏನಿದೆ?

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಅದೇ ವರ್ಷದ ಕೊನೆಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂತು. 1986ರಲ್ಲಿ ತಿದ್ದುಪಡಿಯಾಗಿ ಅದಕ್ಕೆ ‘ಅನೈತಿಕ ವ್ಯವಹಾರ ತಡೆ ಕಾಯ್ದೆ’ ಎಂಬ ಈಗಿನ ಹೆಸರು ಬಂತು. ಠಾಣೆಯ ಪ್ರಕಟಣೆಗಳಲ್ಲಿ ‘ಐಟಿಪಿ ಕಾಯ್ದೆ’ ಎಂದು ಇರುತ್ತದಲ್ಲ, ಅದೇ ಇದು.

ಈ ಕಾಯ್ದೆ ಶಿಕ್ಷೆ ಹೇಳುವುದು ಮುಖ್ಯವಾಗಿ ಅಡ್ಡೆ ನಡೆಸುವವನಿಗೆ, ಅದಕ್ಕೆ ಜಾಗ ಕೊಡುವವನಿಗೆ, ಹೆಂಗಸಿನ ದುಡಿಮೆಯಲ್ಲಿ ಬದುಕುವ ದಲ್ಲಾಳಿಗೆ, ಹೆಂಗಸರನ್ನು ಕರೆತರುವವನಿಗೆ. ಜೊತೆಗೆ 8ನೇ ಕಲಂ ಇದೆ. ಸಾರ್ವಜನಿಕ ಜಾಗದಲ್ಲಿ ಗಿರಾಕಿಯನ್ನು ಕರೆದರೆ ಹೆಂಗಸಿಗೇ ಶಿಕ್ಷೆ. ಅಡ್ಡೆ ನಡೆಸುವವನನ್ನು ಹಿಡಿದು ಸಾಬೀತು ಮಾಡುವುದು ಕಷ್ಟ. ಬಸ್ ಸ್ಟ್ಯಾಂಡಿನಲ್ಲಿ ನಿಂತವಳನ್ನು ಹಿಡಿಯುವುದು ಸುಲಭ. ಹಾಗಾಗಿ ದಲ್ಲಾಳಿಗೆಂದು ಹೆಣೆದ ಬಲೆಗೆ ಹೆಂಗಸೇ ಬೀಳುವುದು ಮಾಮೂಲಾಯಿತು.

ಕಾಯ್ದೆ ಓದುತ್ತ ಹೋದಾಗ ನಮಗೆ ಆಶ್ಚರ್ಯ ಆದದ್ದು ಬೇರೆ. ಇಲಾಖೆಗಳು ಸೇರಿ ಕೆಲಸ ಮಾಡಬೇಕೆಂಬುದು ಅದರಲ್ಲೇ ಬರೆದಿದೆ. 13ನೇ ಕಲಂ ಪ್ರಕಾರ ವಿಶೇಷ ಪೊಲೀಸ್ ಅಧಿಕಾರಿಗೆ ಸಲಹೆ ಕೊಡಲು ಊರಿನ ಸಮಾಜ ಸೇವಕರ ಒಂದು ಮಂಡಳಿ ಮಾಡಬಹುದು, ಅದರಲ್ಲಿ ಹೆಂಗಸರೂ ಇರಬೇಕು. 15ನೇ ಕಲಂ ಪ್ರಕಾರ ದಾಳಿಯ ತಂಡದಲ್ಲಿ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕು. ಸಿಕ್ಕ ಹೆಂಗಸನ್ನು ಮಹಿಳಾ ಅಧಿಕಾರಿಯೇ ಪ್ರಶ್ನಿಸಬೇಕು. ಆಕೆ ಇಲ್ಲದಿದ್ದರೆ ಮಾನ್ಯತೆ ಇರುವ ಸಂಸ್ಥೆಯ ಮಹಿಳೆಯೊಬ್ಬರು ಪಕ್ಕದಲ್ಲಿರಬೇಕು. 17ನೇ ಕಲಂ ಪ್ರಕಾರ ಅವಳನ್ನು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವ ಮೊದಲು ಮ್ಯಾಜಿಸ್ಟ್ರೇಟರು ಐವರ ಸಮಿತಿಯ ನೆರವು ಪಡೆಯಬಹುದು, ಐವರಲ್ಲಿ ಮೂವರು ಹೆಂಗಸರಾಗಿರಬೇಕು.

ಅಂದರೆ ಪೊಲೀಸ್, ಕೋರ್ಟು, ಸಂಸ್ಥೆ, ಆಶ್ರಯಧಾಮ ಎಲ್ಲವನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಯೋಚನೆ ಆಗಲೇ ಕಾಗದದ ಮೇಲಿತ್ತು. ಆ ಹಗ್ಗದಲ್ಲಿ ಒಂದು ಎಳೆ ಮಾತ್ರ ಕಾಣುವುದಿಲ್ಲ. ಯಾವ ಸಮಿತಿಯಲ್ಲೂ ಆ ಕಸುಬಿನ ಅನುಭವ ಇರುವ ಹೆಂಗಸಿಗೆ ಜಾಗ ಇರಲಿಲ್ಲ.

ತೀರ್ಥಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ನಿಮ್ಮದೇ ತಾಲ್ಲೂಕಿನ ಮೇಳಿಗೆಯ ಯು. ಆರ್. ಅನಂತಮೂರ್ತಿ 1965ರಲ್ಲಿ ‘ಸಂಸ್ಕಾರ’ ಕಾದಂಬರಿ ಬರೆದರು. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರ ಇಡೀ ಚರ್ಚೆ ಮಾಡುತ್ತದೆ. ಅವನ ಜೊತೆ ಬಾಳಿದ ಚಂದ್ರಿಯನ್ನು ಯಾರೂ ಏನೂ ಕೇಳುವುದಿಲ್ಲ. ತನ್ನ ಮೈಮೇಲಿನ ಬಂಗಾರ ತೆಗೆದಿಟ್ಟವಳು ಅವಳು. ಕೊನೆಗೆ ರಾತ್ರಿ ಒಬ್ಬ ಮುಸ್ಲಿಂ ವ್ಯಾಪಾರಿಯ ನೆರವಿನಿಂದ ಹೆಣ ಸುಡಿಸಿದವಳೂ ಅವಳೇ. ನಮ್ಮ ಇಲಾಖೆಗಳ ಸಭೆಗಳೂ ಬಹಳ ಕಾಲ ಆ ಅಗ್ರಹಾರದ ಚರ್ಚೆಯ ಹಾಗೇ ನಡೆದವು.

ಚಂದ್ರಗುತ್ತಿಯ ಪಾಠ

ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ನಮ್ಮಲ್ಲಿ ಎಷ್ಟೋ ಮನೆಯವರು ಹರಕೆ ತೀರಿಸಲು ಹೋಗುತ್ತಾರೆ. ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿದ್ದುದು ಹಿರಿಯರಿಗೆ ಗೊತ್ತು. ಬೆತ್ತಲೆ ಸೇವೆ ಎಂದರೆ ವೇಶ್ಯಾವಾಟಿಕೆ ಅಲ್ಲ. ಆದರೆ ಬಡವರ, ಅದರಲ್ಲೂ ದಲಿತರ ಮನೆಯ ಹೆಂಗಸಿನ ಮೈಯನ್ನು ದೇವರ ಹೆಸರಿನಲ್ಲಿ ಊರ ಮುಂದೆ ನಿಲ್ಲಿಸುವುದು, ಎಲ್ಲಮ್ಮನಿಗೆ ಹುಡುಗಿಯನ್ನು ಮುತ್ತು ಕಟ್ಟಿ ಬಿಡುವುದು, ಎರಡರ ಬೇರೂ ಒಂದೇ ಮಣ್ಣಿನಲ್ಲಿದೆ.

ದಲಿತ ಸಂಘರ್ಷ ಸಮಿತಿ ಇದರ ವಿರುದ್ಧ ದನಿ ಎತ್ತಿತು. 1986ರ ಮಾರ್ಚ್‌ನಲ್ಲಿ ಕಾರ್ಯಕರ್ತರು ಮತ್ತು ಪೊಲೀಸರು ಸೇವೆ ತಡೆಯಲು ಹೋದಾಗ ಜನ ತಿರುಗಿಬಿದ್ದರು. ಕಾರ್ಯಕರ್ತರಿಗೂ ಪೊಲೀಸರಿಗೂ ಹೊಡೆತ ಬಿತ್ತು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಬಿಚ್ಚಿಸಿ ನಡೆಸಿದರು. ನಾಡೆಲ್ಲ ಸುದ್ದಿಯಾಯಿತು. ಆ ಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಆಗಲೇ ರಾಜ್ಯದಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರಲ್ಲಿ ಬಂದಿತ್ತು. ಮಗಳನ್ನು ಬಿಟ್ಟ ತಂದೆ ತಾಯಿಗೆ ಹೆಚ್ಚಿನ ಶಿಕ್ಷೆಯೂ ಅದರಲ್ಲಿತ್ತು. ಆದರೆ ದೂರು ಕೊಡುವವರು ಯಾರು? ಮಗಳು ತಾಯಿಯ ಮೇಲೆ ಕೊಡಬೇಕೇ? ಕಾನೂನು ಇತ್ತು, ಪೊಲೀಸ್ ಇತ್ತು, ಸಂಘಟನೆ ಇತ್ತು. ಆ ಹೆಂಗಸರ ಮನೆಯೊಳಗೆ ಹೋಗಿ ಕೂತು ಮಾತಾಡುವವರು ಬೇಕಿತ್ತು.

ಘಟಪ್ರಭಾದಲ್ಲಿ ಆದ ಬದಲಾವಣೆ

ಆ ಕೆಲಸ ಬೆಳಗಾವಿ ಜಿಲ್ಲೆಯಲ್ಲಿ ಶುರುವಾಯಿತು. 1987ರಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಹುಟ್ಟಿತ್ತು. 1990ರ ದಶಕದ ಆರಂಭದಲ್ಲಿ ನಿಗಮವು ಮೈರಾಡ ಸಂಸ್ಥೆಯ ಜೊತೆ ಸೇರಿ ದೇವದಾಸಿಯರ ಸಂಘಗಳನ್ನು ಕಟ್ಟಿತು. ಉಳಿತಾಯ, ಸಾಲ, ಹೈನುಗಾರಿಕೆ, ಮಕ್ಕಳ ಓದು. 1997ರಲ್ಲಿ ಆ ಹೆಂಗಸರೇ ಘಟಪ್ರಭಾದಲ್ಲಿ ಒಂದು ಸಂಸ್ಥೆ ಮಾಡಿಕೊಂಡರು. ಅದೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಜನ ಕರೆಯುವುದು ‘ಮಾಸ್’ ಎಂದು.

ಮುತ್ತು ಕಟ್ಟಿಸಿಕೊಂಡು ಬದುಕು ಸವೆಸಿದವರೇ ಅದನ್ನು ನಡೆಸುವವರು. ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಯಾರಾದರೂ ಹುಡುಗಿಯನ್ನು ಕರೆತಂದರೆ ಅವರ ಕಣ್ಣಿಗೆ ಬೀಳುತ್ತದೆ. ಪೊಲೀಸರಿಗೆ ಕಾಣದ್ದು ಅವರಿಗೆ ಕಾಣುತ್ತದೆ. ಅವರು ತಾಯಿಗೆ ಬುದ್ಧಿ ಹೇಳಿದರೆ ತಾಯಿ ಕೇಳುತ್ತಾಳೆ, ಏಕೆಂದರೆ ಹೇಳುವವಳು ಆ ದಾರಿಯಲ್ಲಿ ನಡೆದು ಬಂದವಳು. ಕೇಳದಿದ್ದರೆ ಆಗ ಪೊಲೀಸ್, ಆಗ ಕಾನೂನು.

ಸರ್ಕಾರ 1993-94ರಲ್ಲಿ ಮಾಡಿದ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. 2007-08ರಲ್ಲಿ ಇನ್ನೂ 23,787. ಎರಡೂ ಸೇರಿ 46,660. ಸಮೀಕ್ಷೆಯ 14 ಜಿಲ್ಲೆಗಳಲ್ಲಿ ನಮ್ಮ ಶಿವಮೊಗ್ಗವೂ ಇತ್ತು ಎಂಬುದು ನೆನಪಿರಲಿ. ‘ಅದೆಲ್ಲ ಬಯಲುಸೀಮೆಯ ಕಥೆ’ ಎಂದು ಮಲೆನಾಡಿನವರು ಕೈ ತೊಳೆದುಕೊಳ್ಳುವ ಹಾಗಿಲ್ಲ. ಪಟ್ಟಿಯಲ್ಲಿ ಹೆಸರು ಬಂದವರಿಗೆ ಮಾಸಾಶನ, ಸಾಲ, ಮನೆಯ ಯೋಜನೆಗಳು ಬಂದವು. 2025ರಲ್ಲಿ ವಿಧಾನಮಂಡಲ ಹೊಸ ದೇವದಾಸಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ಆ ತಾಯಂದಿರ ಮಕ್ಕಳಿಗೆ ಇರಬಾರದು ಎಂಬುದು ಅದರ ಒಂದು ಮುಖ್ಯ ಅಂಶ.

ಏಡ್ಸ್ ಬಂದ ಮೇಲೆ

ದೇವದಾಸಿಯರಲ್ಲದ, ಪೇಟೆ ಬೀದಿಯ, ಬಸ್ ಸ್ಟ್ಯಾಂಡಿನ, ಮನೆಯಿಂದಲೇ ಕೆಲಸ ಮಾಡುವ ಹೆಂಗಸರ ಕಡೆ ಸರ್ಕಾರ ತಿರುಗಿ ನೋಡಿದ್ದು ಏಡ್ಸ್‌ನ ಭಯದಿಂದ. 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಆಯಿತು. 2003ರಲ್ಲಿ ಗೇಟ್ಸ್ ಫೌಂಡೇಶನ್ನಿನ ‘ಆವಾಹನ್’ ಯೋಜನೆ ಬಂತು. ಅದನ್ನು ನಮ್ಮ ರಾಜ್ಯದಲ್ಲಿ ನಡೆಸಲು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು.

ಮೊದಮೊದಲು ಕಾಂಡೋಮ್ ಹಂಚಿದರು, ರಕ್ತ ಪರೀಕ್ಷೆ ಮಾಡಿದರು. ಕೆಲಸ ಮುಂದೆ ಹೋಗಲಿಲ್ಲ. ಕಾರಣ ಸರಳ. ಆರೋಗ್ಯ ಇಲಾಖೆ ಕೊಟ್ಟ ಕಾಂಡೋಮನ್ನು ಪೊಲೀಸರು ‘ಸಾಕ್ಷಿ’ ಎಂದು ಹಿಡಿಯುತ್ತಿದ್ದರು. ಒಂದು ಇಲಾಖೆ ಜೀವ ಉಳಿಸಲು ಕೊಟ್ಟದ್ದು ಇನ್ನೊಂದು ಇಲಾಖೆಯ ಕೈಯಲ್ಲಿ ಕೇಸಾಗುತ್ತಿತ್ತು. ರಾತ್ರಿ ಹೊಡೆತ ತಿನ್ನುವ ಹೆಂಗಸು ಬೆಳಿಗ್ಗೆ ಆರೋಗ್ಯದ ಪಾಠ ಹೇಗೆ ಕೇಳುತ್ತಾಳೆ?

ಆಗ ಪೊಲೀಸರಿಗೆ ತರಬೇತಿ ಶುರುವಾಯಿತು. ಯಾರಿಗಾದರೂ ಹೊಡೆತ ಬಿದ್ದರೆ, ಯಾರನ್ನಾದರೂ ಹಿಡಿದೊಯ್ದರೆ ಹೊತ್ತಲ್ಲದ ಹೊತ್ತಿನಲ್ಲೂ ಓಡಿ ಬರುವ ತಂಡಗಳಾದವು. ಆ ತಂಡಗಳಲ್ಲಿ ವಕೀಲರ ಜೊತೆ ಲೈಂಗಿಕ ಕಾರ್ಯಕರ್ತೆಯರೇ ಇದ್ದರು. ಐದು ಜಿಲ್ಲೆಗಳಲ್ಲಿ ಮಾಡಿದ ಅಧ್ಯಯನದಲ್ಲಿ ಈ ಹೆಂಗಸರಲ್ಲಿ ಎಚ್‌ಐವಿ ಪ್ರಮಾಣ ಕೆಲವೇ ವರ್ಷಗಳಲ್ಲಿ ಶೇ 19.6ರಿಂದ 16.4ಕ್ಕೆ ಇಳಿದದ್ದು ಕಂಡಿತು. ಒಂದೊಂದು ಅಂಕಿಯ ಹಿಂದೆಯೂ ಒಂದು ಮನೆ ಇದೆ, ಮಕ್ಕಳಿದ್ದಾರೆ.

ಒಂದೇ ಊರು, ಎರಡು ದಾರಿ

ಮೈಸೂರಿನಲ್ಲಿ ಎರಡು ಸಂಸ್ಥೆಗಳಿವೆ. ಎರಡನ್ನೂ ಒಟ್ಟಿಗೆ ನೋಡಿದರೆ ನಾವು ಮೊದಲು ಹೇಳಿದ ಮಾತು ಸ್ಪಷ್ಟವಾಗುತ್ತದೆ.

ಒಂದು ‘ಒಡನಾಡಿ’. ಸ್ಟ್ಯಾನ್ಲಿ ಮತ್ತು ಪರಶುರಾಂ ಕಟ್ಟಿದ್ದು. ಇಬ್ಬರೂ ನಮ್ಮ ಹಾಗೆ ಸುದ್ದಿಯ ಕಸುಬಿನಲ್ಲಿದ್ದವರು. ಬರೆದು ಸುಮ್ಮನಾಗದೆ ಅದನ್ನೇ ಜೀವನದ ಕೆಲಸ ಮಾಡಿಕೊಂಡರು. ಮಾರಾಟವಾದ ಹುಡುಗಿಯರನ್ನು ಪೊಲೀಸರ ಜೊತೆ ಹೋಗಿ ಬಿಡಿಸಿ ತರುವುದು, ಮನೆ ಕೊಡುವುದು, ಓದಿಸುವುದು, ಕೇಸು ನಡೆಸುವುದು ಅವರ ದಾರಿ.

ಇನ್ನೊಂದು ‘ಆಶೋದಯ ಸಮಿತಿ’. 2004ರಿಂದೀಚೆಗೆ ಬೆಳೆದ ಇದು ಲೈಂಗಿಕ ಕಾರ್ಯಕರ್ತೆಯರೇ ನಡೆಸುವ ಸಂಘಟನೆ. ಒಂದು ಹೋಟೆಲನ್ನೂ ಅವರು ನಡೆಸಿದರು. ‘ನಮ್ಮನ್ನು ಬಿಡಿಸಬೇಡಿ, ಗೌರವದಿಂದ ಬದುಕಲು ಬಿಡಿ’ ಎಂಬ ಅರ್ಥದ ದಾರಿ ಅವರದ್ದು. ಬೆಂಗಳೂರಿನಲ್ಲಿ 2006ರಲ್ಲಿ ಹುಟ್ಟಿದ ಕರ್ನಾಟಕ ಲೈಂಗಿಕ ಕಾರ್ಯಕರ್ತೆಯರ ಯೂನಿಯನ್ನಿನ ದನಿಯೂ ಅದೇ.

ಈ ಎರಡು ದಾರಿಗಳ ನಡುವೆ ವಾದ ಇದೆ, ಇರಲಿ. ಹದಿನೈದರ ಹುಡುಗಿಗೆ ಬೇಕಾದದ್ದು ಮೊದಲನೆಯದು. ಮೂವತ್ತೈದರ ವಿಧವೆ ತಾಯಿಗೆ ಎರಡನೆಯದು ಬೇಕಾಗಬಹುದು. ಬಾಗಿಲಲ್ಲಿ ನಿಂತವಳು ಯಾರೆಂದು ಕೇಳದೆ ಒಂದೇ ಔಷಧ ಕೊಟ್ಟರೆ ರೋಗ ವಾಸಿಯಾಗದು.

2022ರ ಆದೇಶ: ಬಂದದ್ದೇನು, ಬಾರದ್ದೇನು

2011ರಲ್ಲಿ ಸುಪ್ರೀಂ ಕೋರ್ಟ್ ಕೋಲ್ಕತ್ತದ ಲೈಂಗಿಕ ಕಾರ್ಯಕರ್ತೆಯೊಬ್ಬಳ ಕೊಲೆ ಕೇಸಿನಲ್ಲಿ ಅಪರಾಧಿಯ ಶಿಕ್ಷೆ ಎತ್ತಿಹಿಡಿಯಿತು. ಅಲ್ಲಿಗೆ ಬಿಡದೆ ಇಂಥ ಹೆಂಗಸರ ಬದುಕಿನ ಬಗ್ಗೆ ತಾನೇ ವಿಚಾರಣೆ ಕೈಗೆತ್ತಿಕೊಂಡು ಸಮಿತಿ ಮಾಡಿತು. ನಮ್ಮ ರಾಜ್ಯದಲ್ಲಿ ಜಯಮಾಲಾ ಅಧ್ಯಕ್ಷತೆಯ ಸಮಿತಿ 2017ರಲ್ಲಿ ವರದಿ ಕೊಟ್ಟಿತು. 2020ರ ಸೆಪ್ಟೆಂಬರ್‌ನಲ್ಲಿ, ಕೊರೊನಾ ಕಾಲದಲ್ಲಿ, ಗುರುತಿನ ಚೀಟಿ ಕೇಳದೆ ಇವರಿಗೆ ಪಡಿತರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. 2022ರ ಮೇ 19ರಂದು ದೊಡ್ಡ ಆದೇಶ ಬಂತು. ಆ ಪೀಠದ ಮೂವರಲ್ಲಿ ಒಬ್ಬರು ಕೊಡಗಿನ ಎ. ಎಸ್. ಬೋಪಣ್ಣ.

‘ಇನ್ನು ದಾಳಿಯಲ್ಲಿ ಹೆಂಗಸರನ್ನು ಹಿಡಿಯುವಂತಿಲ್ಲ’ ಎಂದು ಅವತ್ತು ಟಿವಿಗಳಲ್ಲಿ ಬಂತು. ವಾಟ್ಸಾಪ್‌ನಲ್ಲಿ ಈಗಲೂ ಓಡಾಡುತ್ತಿದೆ. ಅದು ಪೂರ್ತಿ ನಿಜವಲ್ಲ. ಸಮಿತಿ ಕೊಟ್ಟ ಹತ್ತು ಶಿಫಾರಸುಗಳಲ್ಲಿ ಆರನ್ನು ಮಾತ್ರ ಕೂಡಲೇ ಪಾಲಿಸಿ ಎಂದು ಕೋರ್ಟ್ ಹೇಳಿತು. ಅತ್ಯಾಚಾರಕ್ಕೆ ಒಳಗಾದ ಲೈಂಗಿಕ ಕಾರ್ಯಕರ್ತೆಗೂ ಬೇರೆಲ್ಲ ಹೆಂಗಸರಂತೆ ಚಿಕಿತ್ಸೆ, ನೆರವು ಸಿಗಬೇಕು. ಆಶ್ರಯಧಾಮಗಳಲ್ಲಿ ಮನಸ್ಸಿಲ್ಲದೆ ಉಳಿದಿರುವ ವಯಸ್ಕ ಹೆಂಗಸರ ಸಮೀಕ್ಷೆ ಮಾಡಿ ಬಿಡಬೇಕು. ಪೊಲೀಸರು ಮರ್ಯಾದೆಯಿಂದ ನಡೆದುಕೊಳ್ಳಬೇಕು. ಪತ್ರಿಕೆ, ಟಿವಿಯವರು ಅವರ ಗುರುತು ಬಿಟ್ಟುಕೊಡಬಾರದು. ಕಾಂಡೋಮನ್ನು ಅಪರಾಧದ ಸಾಕ್ಷಿ ಮಾಡಬಾರದು. ಕಾನೂನು ಸೇವಾ ಪ್ರಾಧಿಕಾರಗಳು ಅವರಿಗೆ ಅವರ ಹಕ್ಕು ತಿಳಿಸಬೇಕು. ಇದರ ಜೊತೆಗೆ, ವಿಳಾಸದ ದಾಖಲೆ ಇಲ್ಲದವರಿಗೂ ಏಡ್ಸ್ ಸೊಸೈಟಿಯ ಅಧಿಕಾರಿ ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕು, ಕಾರ್ಡಿನಲ್ಲಿ ಅವರ ಕಸುಬಿನ ಸುಳಿವು ಇರಬಾರದು.

ಉಳಿದ ನಾಲ್ಕಕ್ಕೆ ಕೇಂದ್ರ ಸರ್ಕಾರ ತಕರಾರು ಎತ್ತಿತ್ತು. ದಾಳಿಯಲ್ಲಿ ಹೆಂಗಸನ್ನು ಬಂಧಿಸಬಾರದು ಎಂಬುದು ಆ ನಾಲ್ಕರಲ್ಲಿ ಒಂದು. ಇನ್ನೊಂದು, ಇವರಿಗಾಗಿ ಯಾವ ಯೋಜನೆ ಮಾಡಿದರೂ ಇವರನ್ನೇ ಕೂರಿಸಿಕೊಂಡು ತೀರ್ಮಾನಿಸಬೇಕು ಎಂಬ ಶಿಫಾರಸು.

ಘಟಪ್ರಭಾದಲ್ಲಿ, ಮೈಸೂರಿನಲ್ಲಿ ಕೆಲಸ ಮಾಡಿ ತೋರಿಸಿದ್ದು ಅದೊಂದೇ ಸೂತ್ರ. ಆಜ್ಞೆಯಾಗದೆ ಉಳಿದದ್ದೂ ಅದೇ.

ನಮ್ಮ ಮೂರು ತಾಲ್ಲೂಕಿನ ಮಾತು

ಇಲ್ಲಿ ಮುಂಬೈಯ ಹಾಗೆ ಬೇರೆ ಬೀದಿ ಇಲ್ಲ. ಎಲ್ಲವೂ ಮುಚ್ಚಿಟ್ಟದ್ದು, ಈಗಂತೂ ಫೋನಿನಲ್ಲಿ. ಹಾಗಾಗಿ ಹೆಂಗಸರು ಒಬ್ಬರಿಗೊಬ್ಬರು ಗೊತ್ತಿಲ್ಲ, ಸಂಘ ಇಲ್ಲ. ತನ್ನೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹೋದರೆ ಸಾಲಿನಲ್ಲಿ ನೆಂಟರು ಸಿಗುತ್ತಾರೆ. ಜಿಲ್ಲಾ ಕಚೇರಿಗೆ ಹೋಗಬೇಕೆಂದರೆ ಸಾಗರದಿಂದಾಗಲಿ ತೀರ್ಥಹಳ್ಳಿಯಿಂದಾಗಲಿ 60-70 ಕಿಲೋಮೀಟರ್ ಬಸ್ಸು, ಮಳೆಗಾಲದಲ್ಲಿ ಒಂದು ದಿನದ ಕೂಲಿ ಹೋಯಿತು. ಸಾಗರ, ಹೊಸನಗರ ಒಬ್ಬ ಉಪವಿಭಾಗಾಧಿಕಾರಿಗೆ, ತೀರ್ಥಹಳ್ಳಿ ಇನ್ನೊಬ್ಬರಿಗೆ ಸೇರಿವೆ.

ಸೌಲಭ್ಯಗಳು ಇಲ್ಲವೇ ಇಲ್ಲ ಎಂದಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆ ಉಚಿತ. ಅಲ್ಲಿ ತಿಳಿದದ್ದನ್ನು ಯಾರೂ ಹೊರಗೆ ಹೇಳುವಂತಿಲ್ಲ, ಅದಕ್ಕೆ 2017ರ ಎಚ್‌ಐವಿ ಕಾಯ್ದೆ ಇದೆ. ಮೂರೂ ತಾಲ್ಲೂಕಿನ ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಮಹಿಳಾ ಅಭಿವೃದ್ಧಿ ನಿಗಮದಲ್ಲಿ ದಮನಿತ ಮಹಿಳೆಯರಿಗೆ ‘ಚೇತನ’, ಎಚ್‌ಐವಿ ಬಾಧಿತ ಹೆಂಗಸರಿಗೆ ‘ಧನಶ್ರೀ’ ಎಂಬ ನೆರವು ಯೋಜನೆಗಳಿವೆ. ಕಷ್ಟದಲ್ಲಿರುವ ಹೆಂಗಸರಿಗೆ 181, ಮಕ್ಕಳಿಗೆ 1098, ಎಚ್‌ಐವಿ ಮಾಹಿತಿಗೆ 1097, ಕಾನೂನು ನೆರವಿಗೆ 15100. ಈ ನಂಬರುಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಯಾರಿಗೆ ಯಾವಾಗ ಬೇಕಾಗುತ್ತದೋ ಹೇಳಲಾಗದು.

ಕೊರತೆ ಇರುವುದು ಇವುಗಳ ನಡುವೆ. ಸೇರಿ ಕೆಲಸ ಮಾಡಲು ಬರುವುದಿಲ್ಲ ಎಂದು ನಮ್ಮ ಭಾಗದಲ್ಲಿ ಯಾರೂ ಹೇಳುವಂತಿಲ್ಲ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜನರನ್ನು ಬಲಿ ತೆಗೆದುಕೊಂಡಾಗ ಆರೋಗ್ಯ, ಅರಣ್ಯ, ಪಶುಪಾಲನೆ, ಪಂಚಾಯಿತಿ ಎಲ್ಲವೂ ಕೆಲಸಕ್ಕೆ ಇಳಿಯಬೇಕಾಯಿತು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋದರು. ಮಣಿಪಾಲಕ್ಕೆ ಆಂಬುಲೆನ್ಸ್ ಓಡಿದವು. ಜ್ವರ ಬಂದವನನ್ನು ‘ನೀನು ಕಾಡಿಗೆ ಯಾಕೆ ಹೋಗಿದ್ದೆ’ ಎಂದು ಯಾರೂ ಹೀಯಾಳಿಸಲಿಲ್ಲ. ಮೊದಲು ಜೀವ, ಆಮೇಲೆ ಮಿಕ್ಕ ಮಾತು.

ನಾವು ಕೂತು ವರದಿ ಮಾಡಿದ ತಾಲ್ಲೂಕು ಕೆಡಿಪಿ ಸಭೆಗಳಲ್ಲಿ ಅಡಿಕೆ ಕೊಳೆರೋಗ, ಕುಡಿಯುವ ನೀರು, ಹಕ್ಕುಪತ್ರ, ರಸ್ತೆ ಎಲ್ಲ ಚರ್ಚೆಯಾಗುತ್ತವೆ. ಈ ವಿಷಯ ಬಂದದ್ದನ್ನು ನಾವು ನೋಡಿಲ್ಲ. ಬರಲಿ ಎಂದು ಕೇಳಲು ನಾವೂ ಬಾಯಿ ಬಿಟ್ಟಿಲ್ಲ. ಹೆಸರು ಹೇಳದೆ, ಊರು ಹೇಳದೆ ಕೇಳಬಹುದಾದ ಪ್ರಶ್ನೆಗಳಿವೆ. ಕಳೆದ ವರ್ಷ ದಾಳಿಗಳಲ್ಲಿ ಸಿಕ್ಕ ಹೆಂಗಸರು ಎಷ್ಟು ಜನ? ಅವರಲ್ಲಿ ಎಷ್ಟು ಜನರಿಗೆ ವಕೀಲರು ಸಿಕ್ಕರು? ಎಷ್ಟು ಜನರಿಗೆ ಪಡಿತರ ಚೀಟಿ ಇದೆ? ‘ಚೇತನ’ಕ್ಕೆ ನಮ್ಮ ತಾಲ್ಲೂಕಿನಿಂದ ಅರ್ಜಿ ಹೋಗಿದೆಯೇ? ನಿಮ್ಮೂರಿನ ಮಹಿಳಾ ಗ್ರಾಮಸಭೆಯಲ್ಲಿ ನೀವೂ ಕೇಳಬಹುದು.

1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಶುರುವಾದದ್ದು ಭತ್ತ ಅಳೆಯುವ ಕೊಳಗದ ಮೇಲೆ. ಅಲ್ಲಿಯವರೆಗೆ ಅಳತೆ ಒಡೆಯರದ್ದಾಗಿತ್ತು. ಗೇಯುವವರೇ ಬಾಯಿ ತೆರೆದ ಮೇಲೆ ಅಳತೆ ಬದಲಾಯಿತು. ಈ ಹೆಂಗಸರ ವಿಷಯದಲ್ಲಿ ಕೊಳಗ ಇನ್ನೂ ಬೇರೆಯವರ ಕೈಯಲ್ಲೇ ಇದೆ. ಅದರಲ್ಲಿ ನಮ್ಮ ಕೈಯೂ ಸೇರಿದೆ.

ಅದಕ್ಕೆ ನಾವು ನಮ್ಮಷ್ಟಕ್ಕೆ ಒಂದು ನಿಯಮ ಮಾಡಿಕೊಂಡಿದ್ದೇವೆ. ದಾಳಿಯ ಸುದ್ದಿಯಲ್ಲಿ ಊರಿನ ಹೆಸರಾಗಲಿ ಫೋಟೊವಾಗಲಿ ಇರುವುದಿಲ್ಲ, ಮಸುಕು ಮಾಡಿದ್ದೂ ಬೇಡ. ‘ರಕ್ಷಣೆ’ ಎಂಬ ಪದ ಬರೆಯುವ ಮೊದಲು ಠಾಣೆಗೆ ಒಂದು ಫೋನು, ಸಿಡಿಪಿಒ ಕಚೇರಿಗೆ ಒಂದು ಫೋನು. ಅವಳು ಈಗ ಎಲ್ಲಿದ್ದಾಳೆ, ಮಹಿಳಾ ಅಧಿಕಾರಿ ಜೊತೆಗಿದ್ದರೇ, ವಕೀಲರು ಸಿಕ್ಕರೇ ಎಂದು ಕೇಳುತ್ತೇವೆ. ತಿಂಗಳು ಬಿಟ್ಟು ಮತ್ತೆ ಕೇಳುತ್ತೇವೆ.

ಊರು ಬಿಟ್ಟು ಹೋದ ಆ ತಾಯಿ ಮಗುವಿಗೆ ಇದರಿಂದ ಏನೂ ಆಗುವುದಿಲ್ಲ ಎಂಬುದು ನಮಗೆ ಗೊತ್ತು. ಮಗು ಈಗ ಎಲ್ಲಾದರೂ ಶಾಲೆಗೆ ಹೋಗುತ್ತಿರಲಿ ಎಂದುಕೊಳ್ಳುತ್ತೇವೆ.